ಜೋಡಿದಾರನ ಜೊತೆ ಊರೋಟ: ಬೇಕೆ, ಬೇಡವೆ?

ಊರೊಳಗಿನ ಸಾಹಸದ ಓಟ ಬೆಂಗಳೂರಿನವರಿಗೆ ಈಗ ಹೊಸದಲ್ಲ. ಇಬ್ಬಿಬ್ಬರ ಜೋಡಿ, ಕೈಯಲ್ಲೊಂದು ನಕ್ಷೆ, ಬಿಡಿಸಬೇಕಾದ ಹತ್ತಾರು ಒಗಟು. ಒಗಟು ಒಡೆದರೆ ಒಂದು ಜಾಗದ ಸುಳಿವು ಸಿಗುತ್ತದೆ. ಅಲ್ಲಿಗೆ ಹೋಗಿ ಕೊಟ್ಟ ಕೆಲಸ ಮುಗಿಸಿದರೆ ಮುಂದಿನ ಒಗಟು. ಓಡಬಹುದು, ನಡೆಯಬಹುದು, ಸಿಟಿ ಬಸ್ಸು ಮೆಟ್ರೊ ಹತ್ತಬಹುದು. ಸ್ವಂತ ಗಾಡಿ ಕೂಡದು. ಎಲ್ಲ ಮುಗಿಸಿ ಮೊದಲು ಮರಳಿದ ಜೋಡಿಗೆ ಬಹುಮಾನ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಕೆಲಸಕ್ಕೆಂದು ಅಲ್ಲಿಗೆ ಹೋದ ನಮ್ಮ ಹುಡುಗರು ಇದರಲ್ಲಿ ಓಡಿ ಬಂದು, ಹಬ್ಬಕ್ಕೆ ಊರಲ್ಲಿ ಕೂತಾಗ ಕೇಳುತ್ತಾರೆ: "ನಮ್ಮ ಕಡೀನೂ ಯಾಕ ಮಾಡಬಾರ್ದು?" ಹಿರಿಯರ ಉತ್ತರ ಸಿದ್ಧವಾಗಿರುತ್ತದೆ: "ಇಲ್ಲಿ ಓಡ್ಲಾಕ ಜಾಗಾ ಎಲ್ಲದ?" ಎರಡು ಮಾತಿನಲ್ಲೂ ಹುರುಳಿದೆ. ನಾನು ಅದೇ ಸೀಮೆಯ ತೆಂಗಳಿಯವನು, ವಾಡಿಯ ಗೆಳೆಯನೊಬ್ಬನನ್ನು ಜೋಡಿದಾರನಾಗಿ ಮಾಡಿಕೊಂಡು ಬೆಂಗಳೂರಿನಲ್ಲಿ ಇಂಥ ಓಟ ಓಡಿದವನು. ಹಾಗಾಗಿ ಎರಡೂ ಕಡೆಯ ಮಾತನ್ನು ತೂಗಿ ನೋಡಬೇಕೆನಿಸಿತು.

ಈ ಆಟ ಹುಟ್ಟಿದ್ದು ಊರಲ್ಲಲ್ಲ, ಬೆಟ್ಟ ಹೊಳೆಗಳ ನಡುವೆ. 1989ರಲ್ಲಿ ನ್ಯೂಜಿಲೆಂಡ್‌ನಲ್ಲಿ ನಡೆದ ರೇಡ್ ಗೊಲ್ವಾಸ್ ಎಂಬ ಸ್ಪರ್ಧೆಯಲ್ಲಿ ತಂಡಗಳು ದಿನಗಟ್ಟಲೆ ಕಾಡುಮೇಡು ಅಲೆದವು. 2001ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿ 'ದಿ ಅಮೇಜಿಂಗ್ ರೇಸ್' ಶುರುಮಾಡಿ ಇಬ್ಬರ ಜೋಡಿಯನ್ನು ನಗರಗಳ ಬೀದಿಗೆ ಇಳಿಸಿತು. ಅದನ್ನು ಟಿವಿಯಲ್ಲಿ ನೋಡಿದವರು ತಮ್ಮ ತಮ್ಮ ಊರಲ್ಲಿ ಒಂದು ದಿನದ ಓಟ ಕಟ್ಟಿಕೊಂಡರು. ನಮ್ಮ ರಾಜ್ಯದಲ್ಲಿ ಇದರ ಹತ್ತಿರದ ನೆಂಟ ಎಂದರೆ 2012ರಲ್ಲಿ ಬೆಂಗಳೂರಿಗೆ ಬಂದ ಆಕ್ಸ್‌ಫ್ಯಾಮ್ ಟ್ರೇಲ್‌ವಾಕರ್. 1981ರಲ್ಲಿ ಹಾಂಗ್‌ಕಾಂಗ್‌ನ ಗೂರ್ಖಾ ಸೈನಿಕರ ತರಬೇತಿಯಾಗಿ ಆರಂಭವಾದ ಆ ನಡಿಗೆಯಲ್ಲಿ ನಾಲ್ವರ ತಂಡ 100 ಕಿಲೋಮೀಟರ್ ದಾರಿಯನ್ನು 48 ಗಂಟೆಯೊಳಗೆ ಮುಗಿಸಬೇಕು. ನಾಲ್ವರೂ ಜೊತೆಯಾಗಿ ಹೊರಟು ಜೊತೆಯಾಗಿ ಮುಟ್ಟಬೇಕೆಂಬುದೇ ಅದರ ಜೀವಾಳ.

ಪರವಾದ ವಾದದಲ್ಲಿ ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುವುದು ಈ ಜೊತೆತನವೇ. ಮ್ಯಾರಥಾನ್‌ನಲ್ಲಿ ಕಾಲು ನನ್ನದು, ಉಸಿರು ನನ್ನದು, ಸೋಲೂ ನನ್ನದೇ. ಇಲ್ಲಿ ಜೋಡಿಯ ವೇಗ ಎಂದರೆ ಇಬ್ಬರಲ್ಲಿ ನಿಧಾನವಾದವನ ವೇಗ. ನೊಗಕ್ಕೆ ಹೂಡಿದ ಎತ್ತುಗಳಲ್ಲಿ ಒಂದೇ ಬಿರುಸಾದರೆ ಬಂಡಿ ಸೊಟ್ಟಗೆ ಹೋಗುತ್ತದೆ, ಮುಂದಕ್ಕಲ್ಲ. ಇದು ರೈತರ ಮನೆಯಲ್ಲಿ ಬೆಳೆದ ಯಾರಿಗೂ ಹೊಸ ಪಾಠವಲ್ಲ, ಆದರೆ ಮೈಮೇಲೆ ಬಂದಾಗಲೇ ಅದರ ಭಾರ ಗೊತ್ತಾಗುವುದು. ಹಲಸೂರಿನ ಕೆಂಪೇಗೌಡ ಗೋಪುರ ಮುಟ್ಟಿ ಕೆಂಪಾಂಬುಧಿ ಕೆರೆಯ ಗೋಪುರಕ್ಕೆ ಹೋಗಬೇಕು. ಮೆಟ್ರೊ ಹತ್ತೋಣವೋ, ಬಸ್ಸಿಗೆ ಕಾಯೋಣವೋ? ನಿಂತ ಕಾಲಲ್ಲೇ ತೀರ್ಮಾನ ಆಗಬೇಕು, ಅದರ ಫಲ ಇಬ್ಬರೂ ಉಣ್ಣಬೇಕು. ವರ್ಷಗಟ್ಟಲೆಯ ಸ್ನೇಹದಲ್ಲಿ ಕಾಣದ ಸ್ವಭಾವ ಅರ್ಧ ದಿನದಲ್ಲಿ ಹೊರಬೀಳುತ್ತದೆ: ದಣಿದಾಗ ಯಾರು ಮಾತು ನಿಲ್ಲಿಸುತ್ತಾರೆ, ಯಾರು ಸಿಡುಕುತ್ತಾರೆ, 'ನನ್ನಿಂದ ಆಗ್ತಿಲ್ಲ, ಸ್ವಲ್ಪ ನಿಲ್ಲು' ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗಿದೆ. ಈ ಕೊನೆಯ ಧೈರ್ಯ ನಮ್ಮ ಗಂಡುಮಕ್ಕಳಿಗೆ ಕಲಿಸುವವರೇ ಇಲ್ಲ. ಅದನ್ನು ಕಲಿಸುವ ಆಟ ಯಾವುದಿದ್ದರೂ ನಾನು ಸುಲಭಕ್ಕೆ ಬೇಡ ಎನ್ನಲಾರೆ.

ಈ ಜೊತೆತನದ ತುತ್ತತುದಿ ನೋಡಬೇಕೆಂದರೆ ಮೋಟಾರು ರ‍್ಯಾಲಿಗಳ ಕಡೆ ನೋಡಬೇಕು. ಕಾಸರಗೋಡಿನ ಮೂಸಾ ಶರೀಫ್ ಎಂದೂ ಸ್ಟೇರಿಂಗ್ ಹಿಡಿದು ಹೆಸರು ಮಾಡಿದವರಲ್ಲ. ಚಾಲಕ ಗೌರವ್ ಗಿಲ್ ಅವರ ಪಕ್ಕದ ಸೀಟಿನಲ್ಲಿ ಕೂತು, ಮುಂದಿನ ತಿರುವು ಎಷ್ಟು ಕಡಿದು, ಎಷ್ಟು ದೂರ ಎಂದು ಓದಿ ಹೇಳುತ್ತಾ ಹಲವು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಕಣ್ಣಿಗೆ ಕಾಣದ ತಿರುವಿಗೆ ಚಾಲಕ ಆ ಮಾತನ್ನು ನಂಬಿಯೇ ಕಾರು ನುಗ್ಗಿಸುತ್ತಾನೆ. ಒಬ್ಬ ಓಡಿಸುವವ, ಒಬ್ಬ ಓದುವವ. ಗೆಲುವಿನಲ್ಲಿ ಇಬ್ಬರಿಗೂ ಸಮಪಾಲು. ಊರೋಟದಲ್ಲಿ ನಕ್ಷೆ ಹಿಡಿದವನಿಗೂ ಇದೇ ಜವಾಬ್ದಾರಿ, ಸಣ್ಣ ಪ್ರಮಾಣದಲ್ಲಿ.

ಎರಡನೆಯ ಲಾಭ, ಊರು ಕಣ್ಣಿಗೆ ಬೀಳುವುದು. ಬೆಂಗಳೂರಲ್ಲಿ ವರ್ಷಗಳಿಂದ ಇದ್ದವರಿಗೂ ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಬೆಂಗಳೂರಿನ ಕಾಳಗವನ್ನು ಹೆಸರಿಸುವ ಸಾವಿರ ವರ್ಷ ಮೀರಿದ ವೀರಗಲ್ಲು ಇದೆಯೆಂದು ಗೊತ್ತಿರುವುದಿಲ್ಲ. ಒಗಟೊಂದು ಅಲ್ಲಿಗೆ ಎಳೆದೊಯ್ದರೆ ಅದು ಲಾಭವೇ. ಬಳೇಪೇಟೆಯ ಹಳೆಯ ಮಳಿಗೆಯೊಂದರ ಮೆಟ್ಟಿಲ ಮೇಲೆ ನಾವು ಒಗಟು ಬಿಡಿಸುತ್ತ ಕೂತಾಗ ಕಾಲಡಿ ಇದ್ದದ್ದು ಶಹಾಬಾದ್ ಕಲ್ಲು. ನಮ್ಮೂರ ಗಣಿಯ ಫರಸಿ ಇನ್ನೊಬ್ಬರ ಊರಿಗೆ ನೆಲವಾದದ್ದನ್ನು ಕಂಡು ಗೆಳೆಯ ಅದರ ಮೇಲೆ ಕೈಯಾಡಿಸಿದ. ಓಟಕ್ಕೆ ಇಳಿಯದಿದ್ದರೆ ನಾವು ಆ ಸಂದಿಗೆ ಹೋಗುತ್ತಲೇ ಇರಲಿಲ್ಲ.

ಇನ್ನೊಂದು ಮಾತು ಹೆಣ್ಣುಮಕ್ಕಳದ್ದು. ಕೆಲಸವಿಲ್ಲದೆ ಪೇಟೆಯಲ್ಲಿ ಅಡ್ಡಾಡುವ ಹಕ್ಕು ನಮ್ಮ ಸಣ್ಣ ಊರುಗಳಲ್ಲಿ ಗಂಡಸರಿಗಷ್ಟೇ ಇದೆ. ಎದೆಗೆ ನಂಬರ್ ಪಟ್ಟಿ ಕಟ್ಟಿಕೊಂಡ ಇಬ್ಬರು ಹುಡುಗಿಯರು ಸೇಡಂ ಬಸ್ ನಿಲ್ದಾಣದಿಂದ ಪಂಚಲಿಂಗೇಶ್ವರ ಗುಡಿಯವರೆಗೆ ದಾಪುಗಾಲು ಹಾಕಿದರೆ ಆ ಒಂದು ದಿನವಾದರೂ 'ಎಲ್ಲಿಗಿ ಹೊಂಟೀರಿ?' ಎಂಬ ಪ್ರಶ್ನೆಗೆ ಅಂಜಬೇಕಿಲ್ಲ. ಇದನ್ನು ಸಣ್ಣ ಸಂಗತಿ ಎಂದು ತಳ್ಳಿಹಾಕುವವರು ಗಂಡಸರೇ ಆಗಿರುತ್ತಾರೆ.

ಈಗ ವಿರೋಧದ ಕಡೆಗೆ. ಅದು ಬರೀ ಮುದುಕರ ಗೊಣಗಾಟವಲ್ಲ.

ಪೇಟೆ ಎಂಬುದು ದುಡಿಯುವ ಜಾಗ. ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ತಲೆಯ ಮೇಲೆ ಮೂಟೆ ಹೊತ್ತ ಹಮಾಲ "ಸೈಡ್, ಸೈಡ್" ಎಂದು ಕೂಗುತ್ತ ಬರುವಾಗ, ಟೀ ಶರ್ಟು ತೊಟ್ಟ ಜೋಡಿಯೊಂದು ಆತನಿಗೆ ಅಡ್ಡ ಹಾಯ್ದು ಓಡಿದ್ದನ್ನು ನಾನೇ ನೋಡಿದ್ದೇನೆ. ಆತ ತೂಕ ತಪ್ಪಿ ಗೋಡೆಗೆ ಒರಗಿ ನಿಂತ. ಅವರು ತಿರುಗಿಯೂ ನೋಡಲಿಲ್ಲ, ಗಡಿಯಾರ ಓಡುತ್ತಿತ್ತು. ಇನ್ನು ಕೊಡುವ ಕೆಲಸಗಳು. ಹೂವಿನವಳಿಂದ ಮೊಳ ಹೂ ಕಟ್ಟಲು ಕಲಿಯಿರಿ, ಅಪರಿಚಿತರೊಬ್ಬರ ಜೊತೆ ಫೋಟೊ ತೆಗೆಸಿಕೊಳ್ಳಿ ಎಂಬಂಥವು. ಆಡುವವರಿಗೆ ಮೋಜು. ಹೂವಿನವಳಿಗೆ ಅದು ವ್ಯಾಪಾರದ ಹೊತ್ತು, ಒಂದು ಜೋಡಿ ಹೋದರೆ ಇನ್ನೊಂದು ಬಂದು ನಿಲ್ಲುತ್ತದೆ. ಆಕೆಯನ್ನು ಮೊದಲೇ ಕೇಳಿ ಒಪ್ಪಿಸಿ, ಆ ಹೊತ್ತಿಗೆ ತಕ್ಕ ಹಣ ಕೊಟ್ಟ ಆಯೋಜಕರು ಎಷ್ಟು ಮಂದಿ? ಕೇಳದೆ ಬಳಸಿಕೊಂಡರೆ ಅದು ಆಟವಲ್ಲ, ದರ್ಪ. ವಿರೋಧಿಗಳ ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಊರು ಕಣ್ಣಿಗೆ ಬೀಳುತ್ತದೆ ಎಂದು ಮೇಲೆ ಹೇಳಿದೆ. ಆದರೆ ಓಡುವವನಿಗೆ ಕಾಣುವುದು ಎಷ್ಟು? ಗಡಿಯಾರದ ವಿರುದ್ಧ ಓಡುವವನು ವೀರಗಲ್ಲಿನ ಮುಂದೆ ನಿಂತು ಫೋಟೊ ಹೊಡೆದು ಹೊರಡುತ್ತಾನೆ. ಅಲ್ಲಿ ಯಾರು ಯಾರೊಡನೆ ಕಾದಾಡಿ ಸತ್ತರೆಂದು ಓದಲು ಪುರುಸೊತ್ತಿಲ್ಲ. ಜೊತೆತನದ ಮಾತಿಗೂ ಇನ್ನೊಂದು ಮುಖ ಇದೆ. ಗೆಲ್ಲಲೇಬೇಕೆಂದು ಬಂದವನು ನಿಧಾನಿಯನ್ನು ಎಳೆದುಕೊಂಡು ಹೋಗುತ್ತಾನೆ, ದಾರಿಯುದ್ದಕ್ಕೂ ಹಂಗಿಸುತ್ತಾನೆ. ಬಹುಮಾನ ದೊಡ್ಡದಾದಷ್ಟೂ ಈ ಎಳೆದಾಟ ಹೆಚ್ಚು.

ನಮ್ಮ ಸೀಮೆಗೆ ಬಂದರೆ ಅಪಾಯಗಳೇ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟಿ ನಿಲ್ಲುತ್ತದೆ. ಫರಸಿ ಹಾಸಿದ ಅಂಗಳ ಕಾದು ಕಾಲಿಡಲು ಆಗುವುದಿಲ್ಲ. ಮಳಖೇಡ, ಸೇಡಂ, ವಾಡಿ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಿಗೆ ಹೋಗಿಬರುವ ಟ್ಯಾಂಕರು, ಲಾರಿಗಳು ಎಬ್ಬಿಸುವ ದೂಳಿನಲ್ಲಿ ನಡೆಯುವುದೇ ಕಷ್ಟ, ಓಡಿದರೆ ಅದೆಲ್ಲ ಎದೆಗೂಡಿಗೆ. ಶಹಾಬಾದ್, ಚಿತ್ತಾಪುರದ ಹೊರವಲಯದಲ್ಲಿ ಕಲ್ಲು ತೆಗೆದು ಬಿಟ್ಟುಹೋದ, ಬೇಲಿಯಿಲ್ಲದ ಗಣಿಹೊಂಡಗಳಿವೆ. ಮಳೆನೀರು ತುಂಬಿದರೆ ಆಳ ತಿಳಿಯದು. ಒಳದಾರಿ ಹುಡುಕುವ ಜೋಡಿಗೆ ಅವು ಬಲೆ. ವಾಡಿಯದು ಇನ್ನೂ ಕಠಿಣ. 1874ರಲ್ಲಿ ನಿಜಾಮರ ಕಾಲದ ರೈಲು ಸಿಕಂದರಾಬಾದಿನತ್ತ ಕವಲೊಡೆದಂದಿನಿಂದ ಅದು ಜಂಕ್ಷನ್. ಹಳಿಗಳು ಊರನ್ನೇ ಸೀಳಿವೆ. ಮೇಲ್ಸೇತುವೆ ಬಿಟ್ಟು ಹಳಿ ದಾಟಿದರೆ ನಿಮಿಷಗಳು ಉಳಿಯುತ್ತವೆ, ಹಾಗೆ ದಾಟುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಸಮಯಕ್ಕೆ ಬಹುಮಾನ ಇಟ್ಟರೆ ಯಾರೋ ಒಬ್ಬರು ದಾಟಿಯೇ ದಾಟುತ್ತಾರೆ. ಹಳಿಯ ಬದಿಯಲ್ಲೇ ಬೆಳೆದ ನನ್ನ ಗೆಳೆಯ ಈ ಒಂದು ಕಾರಣಕ್ಕೇ ವಾಡಿಯಲ್ಲಿ ಓಟ ಬೇಡವೇ ಬೇಡ ಎನ್ನುತ್ತಾನೆ.

ತೆಂಗಳಿಯಂಥ ಹಳ್ಳಿಗಂತೂ ಇದು ಹೊಂದುವುದೇ ಇಲ್ಲ. ನಗರದಲ್ಲಿ ಒಗಟು ಅಪರಿಚಿತರನ್ನು ಮಾತಿಗೆಳೆಯುತ್ತದೆ. ಇಲ್ಲಿ ಅಪರಿಚಿತರೇ ಇಲ್ಲ. ಕಟ್ಟೆಯ ಮೇಲೆ ಕೂತವರು "ಯಾರ ಮಗಾ ನೀ?" ಎಂದು ಕೇಳಿ, ಒಗಟು ಪೂರ್ತಿ ಓದುವ ಮೊದಲೇ ಉತ್ತರ ಹೇಳಿ, ನೀರು ಕುಡಿಸಿ ಕಳಿಸುತ್ತಾರೆ.

ಹೊಟ್ಟೆಪಾಡಿಗೆ ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಜನರ ನಡುವೆ ಮೋಜಿನ ಓಟ ಶೋಕಿ ಎಂಬ ಆಕ್ಷೇಪವನ್ನೂ ಕೇಳಿದ್ದೇನೆ. ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಬಡವರಿಗೆ ಆಟ ಬೇಡ ಎಂದವರಾರು? ನಮ್ಮ ಜಾತ್ರೆಗಳಲ್ಲಿ ಕುಸ್ತಿ, ಗಾಡಿ ಓಟ, ಗುಂಡು ಎತ್ತುವ ಪಂದ್ಯ ನಡೆದದ್ದು ಉಂಡುಟ್ಟವರಿಗಾಗಿ ಅಲ್ಲ. ಶೋಕಿ ಎನಿಸುವುದು ಅದರ ಶುಲ್ಕದಿಂದ. ಒಬ್ಬ ಕೂಲಿಯ ದಿನಗಳ ದುಡಿಮೆಯನ್ನು ಪ್ರವೇಶಕ್ಕೇ ಕೇಳುವ ಓಟ ನಮಗೆ ಬೇಕಿಲ್ಲ.

ಹಾಗಾದರೆ ಬಿಟ್ಟುಬಿಡುವುದೇ? ಬಿಡುವ ಮೊದಲು ನಮ್ಮ ಸುತ್ತ ಏನಿದೆ ಎಂದು ನೆನೆಯಬೇಕು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರ ಇತ್ತು. 1058ರ ಶಾಸನ ಅಲ್ಲಿ ವೇದ ಓದುತ್ತಿದ್ದ ಇನ್ನೂರು ವಿದ್ಯಾರ್ಥಿಗಳನ್ನು, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರನ್ನು ಹೇಳುತ್ತದೆ. ಅರವತ್ತು ಕಂಬದ ಗುಡಿ ಇಂದಿಗೂ ನಿಂತಿದೆ. ಭೀಮೆಯ ದಂಡೆಯ ಸನ್ನತಿ, ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ, ಅವನದೇ ಚಿತ್ರವಿರುವ ಕಲ್ಲು ಸಿಕ್ಕಿದೆ. ಕಾಗಿಣಾ ತಟದ ಮಳಖೇಡ ಅಮೋಘವರ್ಷನ ರಾಜಧಾನಿ; ಅಲ್ಲೇ ಕೋಟೆ, ಅಲ್ಲೇ ಜಯತೀರ್ಥರ ಬೃಂದಾವನ, ಅಲ್ಲೇ ನೇಮಿನಾಥ ಬಸದಿ. ಚಿಂಚೋಳಿಯಲ್ಲಿ 2011ರಲ್ಲಿ ಘೋಷಣೆಯಾದ ವನ್ಯಧಾಮ. ಪಕ್ಕದೂರಿನ ಈ ಸಂಪತ್ತನ್ನು ಕಾಣದೆ ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಮಕ್ಕಳು ನಮ್ಮಲ್ಲಿ ತುಂಬ ಇದ್ದಾರೆ. ಒಂದು ಒಗಟಿನ ನೆಪದಲ್ಲಾದರೂ ಅವರು ನಾಗಾವಿಯ ಕಂಬಗಳ ನಡುವೆ ನಿಲ್ಲುವಂತಾದರೆ ಅದನ್ನು ತಡೆಯುವ ಮನಸ್ಸು ನನಗಿಲ್ಲ. ಬೃಂದಾವನ, ಬಸದಿ, ದರ್ಗಾಗಳನ್ನು ಮಾತ್ರ ಓಟದ ಠಾಣೆ ಮಾಡಬಾರದು. ಕೈಮುಗಿಯಲು ಬಂದವರ ನಡುವೆ ಏದುಸಿರು ಬಿಡುತ್ತ ಫೋಟೊ ತೆಗೆಯುವುದು ಯಾರಿಗೂ ಗೌರವವಲ್ಲ.

ತೂಕ ಹಾಕಿದಾಗ ನನಗೆ ಕೆಟ್ಟದ್ದೆನಿಸಿದ್ದರ ಬಹುಪಾಲು ಒಂದೇ ಕಡೆಯಿಂದ ಬರುತ್ತದೆ: 'ಮೊದಲು ಮುಟ್ಟಿದವನೇ ಗೆದ್ದ' ಎಂಬ ನಿಯಮದಿಂದ. ಹಮಾಲನಿಗೆ ಅಡ್ಡ ಹಾಯುವುದು, ಹಳಿ ದಾಟುವುದು, ವೀರಗಲ್ಲನ್ನು ಓದದೆ ಬಿಡುವುದು, ಜೋಡಿದಾರನನ್ನು ಹಂಗಿಸುವುದು, ಎಲ್ಲವೂ ಅದರ ಮಕ್ಕಳು. ಒಳ್ಳೆಯದ್ದಕ್ಕೆ ಆ ನಿಯಮ ಬೇಕೇ ಇಲ್ಲ. 1976ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ರೋಗೇನಿಂಗ್ ಎಂಬ ಆಟದಲ್ಲಿ ಸಮಯ ಎಲ್ಲರಿಗೂ ಒಂದೇ. ಆ ಅವಧಿಯಲ್ಲಿ ಯಾವ ಜಾಗಗಳನ್ನು ಮುಟ್ಟಿ ಎಷ್ಟು ಅಂಕ ಕೂಡಿಸಿದಿರಿ ಎಂಬುದಷ್ಟೇ ಲೆಕ್ಕ, ತಂಡದವರು ಪರಸ್ಪರ ಕೂಗಳತೆಯಲ್ಲೇ ಇರಬೇಕು. ಹೆಚ್ಚು ಜಾಗ ಮುಟ್ಟುವ ಆಸೆಗೆ ಅಲ್ಲೂ ಓಡುವವರಿದ್ದಾರೆ. ಆದ್ದರಿಂದ ನಮ್ಮಲ್ಲಿ ಅಂಕ ಜಾಗ ಮುಟ್ಟಿದ್ದಕ್ಕೆ ಬೇಡ, ಅಲ್ಲಿ ಏನನ್ನು ನೋಡಿ ತಿಳಿದುಬಂದಿರಿ ಎಂಬುದಕ್ಕೆ ಇರಲಿ. ನಾಗಾವಿಯ ಶಾಸನದಲ್ಲಿ ಏನಿದೆ ಎಂದು ಹೇಳಬಲ್ಲ ಜೋಡಿಗೆ ಅಂಕ, ಬರೀ ಫೋಟೊ ತಂದವರಿಗೆ ಸೊನ್ನೆ.

ಹೀಗಾದರೆ ನನ್ನ ಮತ ಪರವಾಗಿ. ಬೆಂಗಳೂರಿನಲ್ಲಿ ಈಗ ನಡೆಯುವ ರೂಪದಲ್ಲಿ ಅದು ನಮ್ಮ ಸೀಮೆಗೆ ಬೇಡ. ಸೇಡಂ, ಚಿತ್ತಾಪುರದ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳಲ್ಲಿ ನನ್ನ ಕೋರಿಕೆ ಇಷ್ಟು: ಡಿಸೆಂಬರ್, ಜನವರಿಯ ತಂಪಿನಲ್ಲಿ, ಶುಲ್ಕವಿಲ್ಲದೆ, ಓಟ ಬಿಟ್ಟು ಬರೀ ನಡಿಗೆಯಲ್ಲಿ ಒಮ್ಮೆ ಮಾಡಿ ನೋಡಿ. ಗಣಿಹೊಂಡದ ಕಡೆಗೂ ರೈಲು ಹಳಿಯ ಕಡೆಗೂ ದಾರಿ ಹಾಕಬೇಡಿ. ಪೊಲೀಸರ ಅನುಮತಿ ಪಡೆಯುವ ಮೊದಲು ಆ ಬೀದಿಯ ಅಂಗಡಿಯವರನ್ನು, ಹೂವಿನವರನ್ನು, ಹಮಾಲರನ್ನು ಕೇಳಿ. ಅವರು ಬೇಡ ಎಂದರೆ ಆ ಬೀದಿಯನ್ನು ಬಿಡಿ.