ಗೂಡು ಕಾಯುವ ಅಪ್ಪ ಮೀನು

ಮೊನ್ನೆ ಸಂಜೆ ಮೊಮ್ಮಗ ಟಿವಿ ನೋಡುತ್ತಾ ಕುಳಿತಿದ್ದ. ಅಮೆರಿಕದ ಯಾವುದೋ ಸರೋವರ. ದೋಣಿಯಲ್ಲಿ ನಿಂತವನೊಬ್ಬ ಗಾಳ ಎಳೆದು ದಪ್ಪನೆಯ ಮೀನೊಂದನ್ನು ಮೇಲೆತ್ತಿದ. ಅದನ್ನು ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡ. ಆಮೇಲೆ ಮೆಲ್ಲಗೆ ನೀರಿಗೆ ಬಿಟ್ಟ.

“ನೋಡಿದ್ಯಾ ತಾತ, ಎಷ್ಟು ಒಳ್ಳೆಯವನು! ಮೀನಿಗೆ ಏನೂ ಆಗಲಿಲ್ಲ” ಎಂದ ಮೊಮ್ಮಗ.

“ಮೀನು ಬದುಕಿತು, ಸರಿ. ಅದರ ಮಕ್ಕಳ ಕಥೆ ಏನಾಯಿತೋ!” ಎಂದೆ. ಅವನು ಟಿವಿ ಆರಿಸಿ ನನ್ನ ಪಕ್ಕಕ್ಕೆ ಬಂದು ಕುಳಿತ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ ಮಕ್ಕಳೇ, ಕೇಳಿ.

ಆ ಮೀನಿನ ಹೆಸರು ಬಾಸ್. ಆಫೀಸಿನ ಬಾಸ್ ಅಲ್ಲ! ಬಾಯಿ ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿರುವುದರಿಂದ ಇದನ್ನು ದೊಡ್ಡಬಾಯಿ ಬಾಸ್ ಎನ್ನುತ್ತಾರೆ. ಉತ್ತರ ಅಮೆರಿಕದ ಸಿಹಿನೀರಿನ ಮೀನು. ಅಲ್ಲಿ ಬಹಳ ಜನ ಇದನ್ನು ಹಿಡಿಯುವುದು ಊಟಕ್ಕಲ್ಲ, ಆಟಕ್ಕೆ. ಪಂದ್ಯಗಳೂ ನಡೆಯುತ್ತವೆ. ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುತ್ತಾರೆ.

ಈ ಮೀನಿನ ಸಂಸಾರ ಬಲು ಸೊಗಸು. ಚಳಿಗಾಲ ಕಳೆದು ನೀರು ಬೆಚ್ಚಗಾದಾಗ ಗಂಡು ಬಾಸ್ ದಡದ ಹತ್ತಿರ, ಆಳವಿಲ್ಲದ ಕಡೆ, ಬಾಲದಿಂದ ಕೆಸರು ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಮುಂದಿನದೆಲ್ಲ ಅಪ್ಪನ ಪಾಲು! ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುವುದು, ಹತ್ತಿರ ಬಂದವರನ್ನು ಅಟ್ಟುವುದು, ಮರಿಗಳು ಈಜಲು ಕಲಿತ ಮೇಲೂ ಜೊತೆಗಿದ್ದು ಕಾಯುವುದು. ಹೀಗೆ ಹಲವು ವಾರ. ಆ ದಿನಗಳಲ್ಲಿ ಅದಕ್ಕೆ ಸರಿಯಾಗಿ ಹೊಟ್ಟೆ ತುಂಬಿಸಿಕೊಳ್ಳಲೂ ಬಿಡುವಿಲ್ಲ.

ಅಂಥ ಹೊತ್ತಿನಲ್ಲಿ ಗೂಡಿನ ಹತ್ತಿರ ಗಾಳ ಬಿದ್ದರೆ? ಯಾರೋ ಕಳ್ಳ ಬಂದನೆಂದು ಅಪ್ಪ ಮೀನು ಕಚ್ಚಿಬಿಡುತ್ತದೆ. ಹಸಿವಿಗಲ್ಲ, ಮಕ್ಕಳ ಮೇಲಿನ ಕಾಳಜಿಗೆ. ಅದನ್ನು ಎಳೆದು ಫೋಟೊ ತೆಗೆದು ಬಿಡುವ ಕೆಲವೇ ನಿಮಿಷಗಳಲ್ಲಿ ಬ್ಲೂಗಿಲ್ ಎಂಬ ಸಣ್ಣ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆ ಮುಕ್ಕುತ್ತವೆ. ದಣಿದು ಹಿಂತಿರುಗಿದ ಅಪ್ಪ, ಖಾಲಿಯಾದ ಗೂಡನ್ನು ಕೆಲವೊಮ್ಮೆ ಬಿಟ್ಟೇ ಹೋಗುತ್ತದೆ.

ಇಲಿನಾಯ್ ರಾಜ್ಯದಲ್ಲಿ ರಿಡ್ಜ್ ಲೇಕ್ ಎಂಬ ಪುಟ್ಟ ಸರೋವರವಿದೆ. 1970ರ ದಶಕದ ಕೊನೆಯಲ್ಲಿ ಅಲ್ಲಿ ಗಾಳ ಹಾಕುವವರಿಗೆ ಒಂದು ನಿಯಮವಿತ್ತು: ಸಿಕ್ಕ ಪ್ರತಿ ಬಾಸನ್ನೂ ವಿಜ್ಞಾನಿಗಳಿಗೆ ತೋರಿಸಬೇಕು. ಅವರು ಅಳೆದು, ಗುರುತು ಹಾಕಿ, ಮತ್ತೆ ನೀರಿಗೆ ಬಿಡುತ್ತಿದ್ದರು. 1980ರಲ್ಲಿ ನೀರು ಬಸಿದು ನೋಡಿದಾಗ 1,700ಕ್ಕೂ ಹೆಚ್ಚು ಬಾಸ್ ಸಿಕ್ಕವು. ಅವುಗಳಲ್ಲಿ ಸುಮಾರು 200 ಮೀನು ಒಮ್ಮೆಯೂ ಗಾಳಕ್ಕೆ ಬಿದ್ದಿರಲಿಲ್ಲ. ಇನ್ನೊಂದು ಮೀನಂತೂ ಒಂದೇ ವರ್ಷದಲ್ಲಿ 16 ಸಲ ಸಿಕ್ಕಿಬಿದ್ದಿತ್ತು!

ವಿಜ್ಞಾನಿಗಳು ಸುಲಭವಾಗಿ ಸಿಗುವ ಮೀನುಗಳನ್ನು ಒಂದು ಕಡೆ, ಸಿಗದ ಮೀನುಗಳನ್ನು ಇನ್ನೊಂದು ಕಡೆ ಇಟ್ಟು ಮೂರು ತಲೆಮಾರು ಸಾಕಿದರು. ಗಾಳಕ್ಕೆ ಬೀಳುವ, ಬೀಳದ ಗುಣ ಅಪ್ಪ ಅಮ್ಮನಿಂದ ಮರಿಗಳಿಗೆ ಬರುತ್ತದೆ ಎಂದು ಗೊತ್ತಾಯಿತು. 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕಿಂತ ದೊಡ್ಡ ಮಾತು ಹೇಳಿತು: ಸುಲಭವಾಗಿ ಗಾಳಕ್ಕೆ ಬೀಳುವ ಗಂಡುಗಳೇ ಗೂಡನ್ನು ಹೆಚ್ಚು ಜತನದಿಂದ ಕಾಯುವ ಅಪ್ಪಂದಿರು!

ಅಂದರೆ ಗಾಳ ಬೇಗ ಹೊಡೆಯುವುದು ಒಳ್ಳೆಯ ಅಪ್ಪನನ್ನೇ. ವರ್ಷವರ್ಷವೂ ಹೀಗಾದರೆ ಸರೋವರದಲ್ಲಿ ಮೀನಿರುತ್ತದೆ, ಆದರೆ ಮಕ್ಕಳನ್ನು ಅಷ್ಟಾಗಿ ಕಾಯದ ಗುಣದ ಮೀನುಗಳೇ ಹೆಚ್ಚಬಹುದು. ಎಣಿಸಿ ನೋಡಿದರೆ ಈ ನಷ್ಟ ತಿಳಿಯುವುದಿಲ್ಲ.

“ಹಾಗಾದರೆ ಗಾಳ ಹಾಕಲೇಬಾರದಾ?” ಎಂದು ಕೇಳಿದ ಮೊಮ್ಮಗ. ಹಾಗೇನಿಲ್ಲ. ಮರಿಗಳು ದೊಡ್ಡವಾಗುವವರೆಗೆ ತಡೆದರೆ ಸಾಕು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಬಹಳಷ್ಟು ಕಡೆ ಗೂಡಿನ ಕಾಲ ಮುಗಿಯುವವರೆಗೆ, ಜೂನ್ ತಿಂಗಳ ದ್ವಿತೀಯಾರ್ಧ ಬರುವತನಕ, ಬಾಸ್ ಹಿಡಿಯುವಂತಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಥ ತಡೆಯಿಲ್ಲ. ಅಲ್ಲಿ ಮೀನಿನ ಗೂಡು ಉಳಿಯುವುದು ಗಾಳ ಹಿಡಿದವನ ವಿವೇಕದಿಂದ.

ನಮ್ಮ ಕೆರೆಗಳಲ್ಲೂ ಮರಿ ಕಾಯುವ ಮೀನುಗಳಿವೆ. ಹಾವಿನಂಥ ತಲೆಯ ಕೊರವ, ಕುಚ್ಚು ಮೀನುಗಳನ್ನು ನಿಮ್ಮ ತಾತ ಬಲ್ಲರು. ಮಳೆಗಾಲದಲ್ಲಿ ಅವುಗಳ ಮರಿಗಳು ಗುಂಪುಗಟ್ಟಿ ನೀರಿನ ಮೇಲ್ಗಡೆ ಈಜುತ್ತವೆ. ದೊಡ್ಡ ಮೀನು ಅಲ್ಲೇ ಕೆಳಗೆ ಕಾವಲಿರುತ್ತದೆ. ಅಂಥ ಗುಂಪು ಕಂಡರೆ ಗಾಳ ಎಸೆಯಬೇಡಿ. ದಡದಲ್ಲಿ ಕುಳಿತು ನೋಡಿ.

ಕಥೆ ಮುಗಿದಾಗ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ತಾತ, ಆ ಟಿವಿಯವನಿಗೆ ಇದು ಗೊತ್ತಿತ್ತಾ?”

ನನಗೂ ಗೊತ್ತಿಲ್ಲ ಮಗು. ಆದರೆ ನಿನಗೀಗ ಗೊತ್ತಾಯಿತಲ್ಲ!