ಸೋರೆಬುರುಡೆ ಕಟ್ಟಿ ಕೈತೊಳೆದುಕೊಳ್ಳುವವರಿಗೆ

ಜನವರಿ ಬಂತು ಅಂದ್ರೆ ಟೆಕ್ಸಸ್‌ನ ನಮ್ಮ ಕನ್ನಡದ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಫೋಟೊ ಬಂದೇ ಬರುತ್ತೆ. ಹಿತ್ತಲಲ್ಲಿ ಹೊಸದಾಗಿ ನೆಟ್ಟ ಕಂಬ, ಅದರ ತುದಿಯಿಂದ ನೇತಾಡುವ ಎಂಟು ಬಿಳಿ ಸೋರೆಬುರುಡೆ, ಪಕ್ಕದಲ್ಲಿ ಹೆಬ್ಬೆರಳೆತ್ತಿ ನಿಂತ ಮನೆ ಯಜಮಾನ. "ಪರ್ಪಲ್ ಮಾರ್ಟಿನ್‌ಗಳಿಗೆ ಮನೆ ರೆಡಿ. ಒಂದ್ಸಲ ಹಾಕಿಬಿಟ್ರೆ ಆಯ್ತು ಮಗಾ, ಸೊಳ್ಳೆ ಕಾಟ ಖತಂ!" ಕೆಳಗೆ ಸಾಲುಸಾಲು ಚಪ್ಪಾಳೆ.

ಇಷ್ಟು ಚಿಕ್ಕ ಮಾತಿನಲ್ಲಿ ಎರಡು ಸುಳ್ಳಿವೆ. ಸೊಳ್ಳೆಯದು ಸಣ್ಣ ಸುಳ್ಳು. "ಒಂದ್ಸಲ ಹಾಕಿಬಿಟ್ರೆ ಆಯ್ತು" ಅನ್ನೋದು ಮರಿಗಳ ಜೀವ ತೆಗೆಯುವ ಸುಳ್ಳು. ಅದನ್ನು ನಂಬಿ ಕೆಟ್ಟವರಲ್ಲಿ ನಾನೂ ಒಬ್ಬ, ಅದಕ್ಕೇ ಸ್ವಲ್ಪ ಜೋರಾಗಿ ಹೇಳ್ತೀನಿ. ವಾರಕ್ಕೊಮ್ಮೆ ಬುರುಡೆ ಇಳಿಸಿ ಒಳಗೆ ಇಣುಕಿ ನೋಡೋಕೆ ಆಗದವರು ದಯವಿಟ್ಟು ಕಟ್ಟಬೇಡಿ. ನಿಮ್ಮ ಹಿತ್ತಲು ಖಾಲಿ ಇದ್ದರೆ ಹಕ್ಕಿ ಮುಂದಿನ ಮನೆ ನೋಡಿಕೊಳ್ಳುತ್ತದೆ. ಕಟ್ಟಿ ಮರೆತ ಬುರುಡೆಗೆ ನಂಬಿ ಬಂದರೆ ಅದರ ಆ ವರ್ಷದ ಸಂಸಾರವೇ ಹೋಗುತ್ತದೆ.

ಬೆಂಗಳೂರಲ್ಲಿ ಕೂತು ಓದುವವರಿಗೆ ಹಕ್ಕಿಯ ಪರಿಚಯ. ಚಳಿಗಾಲದಲ್ಲಿ ನಮ್ಮೂರ ಕರೆಂಟು ತಂತಿ ಮೇಲೆ ಸಾಲಾಗಿ ಕೂರುವ ಸ್ವಾಲೋಗಳನ್ನು ನೋಡಿದ್ದೀರಲ್ಲ, ಅವುಗಳ ಅಮೆರಿಕದ ದೊಡ್ಡಣ್ಣ ಇದು. ಉತ್ತರ ಅಮೆರಿಕದ ಸ್ವಾಲೋಗಳಲ್ಲೇ ದೊಡ್ಡದು, ಉದ್ದ ಸುಮಾರು 20 ಸೆಂಟಿಮೀಟರ್. ಗಂಡಿನ ಮೈ ಬಿಸಿಲಿಗೆ ಕಪ್ಪು, ನೀಲಿ, ನೇರಳೆಯಾಗಿ ಮಿನುಗುತ್ತದೆ. ಚಳಿಗಾಲವನ್ನು ಬ್ರೆಜಿಲ್ ಕಡೆ ಕಳೆದು ಜನವರಿ ಕೊನೆ, ಫೆಬ್ರುವರಿ ಹೊತ್ತಿಗೆ ಟೆಕ್ಸಸ್ ತಲುಪುತ್ತದೆ. ಸಾವಿರಾರು ಮೈಲಿ ಹಾರಿ, ಹೋದ ವರ್ಷ ಮರಿ ಮಾಡಿದ ಅದೇ ಹಿತ್ತಲಿಗೆ ವಾಪಸ್ ಬರುತ್ತದೆ.

ಮೊದಲು ಸೊಳ್ಳೆಯ ವಿಷಯ ಮುಗಿಸೋಣ. ಮಾರ್ಟಿನ್ ದಿನಕ್ಕೆ 2000 ಸೊಳ್ಳೆ ತಿನ್ನುತ್ತದೆ ಅನ್ನೋ ಮಾತನ್ನು 1960ರ ದಶಕದಲ್ಲಿ ಊರೆಲ್ಲ ಹರಡಿದವರು ಇಲಿನಾಯ್‌ನ ಒಬ್ಬ ಟಿವಿ ಆಂಟೆನಾ ತಯಾರಕರು. ಅವರು ಆಗ ಮಾರ್ಟಿನ್‌ಗಳಿಗೆ ಅಲ್ಯೂಮಿನಿಯಂ ಮನೆ ಮಾಡಿ ಮಾರೋಕೆ ಶುರು ಮಾಡಿದ್ದರು. ಅಂದರೆ ಅದು ಮಾರಾಟದ ಮಾತು. ಮಾರ್ಟಿನ್ ಬೇಟೆಯಾಡುವುದು ಹಗಲಲ್ಲಿ, ಎತ್ತರದಲ್ಲಿ. ಸೊಳ್ಳೆ ಹೊರಡುವುದು ಮುಸ್ಸಂಜೆಗೆ, ನಮ್ಮ ಕಾಲ ಬುಡದಲ್ಲಿ. ಇಬ್ಬರಿಗೂ ಭೇಟಿಯೇ ಅಪರೂಪ. ಏರೋಪ್ಲೇನ್ ಚಿಟ್ಟೆ, ಜೀರುಂಡೆ, ನೊಣ, ರೆಕ್ಕೆ ಬಂದ ಇರುವೆ, ಇವು ಅದರ ಊಟ. ಸೊಳ್ಳೆ ಓಡಿಸೋಕೆ ಹಕ್ಕಿ ಸಾಕುವವರು ಬಾಗಿಲಿಗೊಂದು ಜಾಲರಿ ಹಾಕಿಸಿಕೊಳ್ಳಿ, ಅಗ್ಗ.

ಈಗ ದೊಡ್ಡ ಸುಳ್ಳು. "ಕಾಡಿನ ಹಕ್ಕಿ ಸ್ವಾಮಿ, ಅದರ ಪಾಡಿಗೆ ಅದು ಬದುಕುತ್ತೆ, ನಾವು ಯಾಕೆ ಮೂಗು ತೂರಿಸಬೇಕು?" ಅಂತ ಕೇಳುವ ಗೆಳೆಯರಿದ್ದಾರೆ. ಕೇಳೋಕೆ ಬಹಳ ವಿನಯದ ಮಾತು. ಆದರೆ ಈ ಹಕ್ಕಿಯ ವಿಷಯದಲ್ಲಿ ಆ ಮಾತಿನ ಕಾಲ ಎಂದೋ ಮುಗಿದಿದೆ. ಮಾರ್ಟಿನ್ ಮೂಲದಲ್ಲಿ ಒಣಮರಗಳಲ್ಲಿ ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿ. ಯುರೋಪಿಯನ್ನರು ಬರುವುದಕ್ಕೂ ಮೊದಲೇ ಇಲ್ಲಿನ ಮೂಲನಿವಾಸಿಗಳು ಇದಕ್ಕೆ ಸೋರೆಬುರುಡೆ ಕಟ್ಟುತ್ತಿದ್ದರಂತೆ. ಚಾಕ್ಟಾ ಮತ್ತು ಚಿಕಸಾ ಜನ ಗುಡಿಸಲ ಬಳಿಯ ಎಳೆಮರದ ಕೊಂಬೆ ಸವರಿ, ಕವಲಿಗೆ ಬುರುಡೆ ತೂಗುಹಾಕುತ್ತಿದ್ದುದನ್ನು ಪಕ್ಷಿತಜ್ಞ ಅಲೆಕ್ಸಾಂಡರ್ ವಿಲ್ಸನ್ 19ನೇ ಶತಮಾನದ ಆರಂಭದಲ್ಲೇ ಬರೆದಿಟ್ಟಿದ್ದಾನೆ. ಹೀಗೆ ತಲೆಮಾರುಗಟ್ಟಲೆ ನಡೆದು, ಇವತ್ತು ರಾಕಿ ಪರ್ವತಗಳ ಪೂರ್ವಕ್ಕಿರುವ ಮಾರ್ಟಿನ್‌ಗಳು ಹೆಚ್ಚುಕಮ್ಮಿ ಪೂರ್ತಿಯಾಗಿ ಮನುಷ್ಯ ಕೊಟ್ಟ ಮನೆಯಲ್ಲೇ ಮರಿ ಮಾಡುತ್ತವೆ. ಪಶ್ಚಿಮದಲ್ಲಿ ಇನ್ನೂ ಮರದ ಪೊಟರೆ, ದೈತ್ಯ ಕಳ್ಳಿಯ ತೂತು ಹುಡುಕುವ ಬಳಗವಿದೆ. ಪೂರ್ವದವಕ್ಕೆ ವಾಪಸ್ ಹೋಗೋಕೆ ಅಂಥ ಕಾಡಿನ ಮನೆ ಉಳಿದಿಲ್ಲ. ನಾವು ಬಾಡಿಗೆದಾರರನ್ನು ಕರೆದು ಅವರ ಹಳೇ ಮನೆ ಕೆಡವಿದ ಮೇಲೆ "ನಿಮ್ಮ ಪಾಡು ನಿಮಗೆ" ಅನ್ನೋದು ಯಾವ ನ್ಯಾಯ?

ಅದರ ಮೇಲೆ ನಾವೇ ತಂದ ಶತ್ರುಗಳು. 1850ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಿಂದ ತಂದು ಬ್ರೂಕ್ಲಿನ್‌ನಲ್ಲಿ ಬಿಟ್ಟ ಹಕ್ಕಿ, 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಿಟ್ಟ ಇನ್ನೊಂದು ಹಕ್ಕಿ. ಎರಡೂ ತೂತು ಕಂಡಲ್ಲಿ ನುಗ್ಗುವಂಥವು. ಎರಡನೆಯದು ಸ್ಟಾರ್ಲಿಂಗ್, ನಮ್ಮ ಗೊರವಂಕದ ದಾಯಾದಿ. ಮೊದಲನೆಯದರ ಹೆಸರು ಹೇಳೋಕೆ ನನಗೆ ಸಂಕಟ. ಅದು ನಮ್ಮ ಗುಬ್ಬಚ್ಚಿ. ಅದೇ ಜಾತಿ, ಅದೇ ಚಿಲಿಪಿಲಿ.

ನನ್ನ ತಪ್ಪು ಹೇಳಿಬಿಡ್ತೀನಿ. ಮೊದಲ ವರ್ಷ ನಾನು ಉತ್ಸಾಹದಲ್ಲಿ ಬುರುಡೆಗಳನ್ನು ಮನೆಯಲ್ಲೇ ತಯಾರಿಸಿದ್ದೆ. ಇದು ನಾವು ಮಜ್ಜಿಗೆ ಹುಳಿಗೆ ಹಾಕುವ ಸೋರೆಕಾಯಿಯೇ, ಏಕತಾರಿಗೆ ಬುರುಡೆ ಕೊಡುವ ಅದೇ ಬಳ್ಳಿ. ದುಂಡನೆ ಹೊಟ್ಟೆಯ ತಳಿ ಬೇಕು, ಹೊಟ್ಟೆಯ ಅಡ್ಡಳತೆ 10 ಇಂಚು ಇದ್ದರೆ ಒಳ್ಳೆಯದು. ಬಳ್ಳಿಯಲ್ಲೇ ಪೂರ್ತಿ ಬಲಿಯಲು ಬಿಟ್ಟು, ಕೊಯ್ದು, ತಿಂಗಳುಗಟ್ಟಲೆ ಒಣಗಿಸಬೇಕು. ಮೇಲೆಲ್ಲ ಬೂಷ್ಟು ಹಿಡಿಯುತ್ತದೆ, ಕೊಳೆಯಿತು ಅಂತ ಎಸೀಬಾರದು. ಅಲ್ಲಾಡಿಸಿದಾಗ ಬೀಜ ಗಲಗಲ ಅಂದರೆ ಒಣಗಿದೆ ಅಂತ ಲೆಕ್ಕ. ಆಮೇಲೆ ನೀರಲ್ಲಿ ನೆನೆಸಿ ಸಿಪ್ಪೆ ಉಜ್ಜಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಕೊರೆಯಬೇಕು. ಹೊಟ್ಟೆಗೆ ಬಾಗಿಲು, ತಳಕ್ಕೆ ನೀರು ಹೋಗೋಕೆ ನಾಲ್ಕೈದು ತೂತು, ಕತ್ತಿನ ಬಳಿ ಗಾಳಿಗೆ ಒಂದೆರಡು. ಪಕ್ಕದಲ್ಲಿ ಕೈ ಹಾಕುವಷ್ಟು ದೊಡ್ಡ ಕಿಂಡಿ ಕೊರೆದು ಮುಚ್ಚಳ ಕೂರಿಸಬೇಕು. ಟೆಕ್ಸಸ್ ಬಿಸಿಲಿಗೆ ಮರಿ ಬೇಯಬಾರದು ಅಂತ ಹೊರಗೆಲ್ಲ ಬಿಳಿ ಬಣ್ಣ. ಕಂಬ ಒಂದು ಹದಿನೈದು ಅಡಿ, 40 ಅಡಿ ಸುತ್ತಳತೆಯಲ್ಲಿ ಮರ ಇರಬಾರದು, ಹಾವು ಮತ್ತು ರಕೂನ್ ಹತ್ತದ ಹಾಗೆ ಕಂಬಕ್ಕೆ ತಗಡಿನ ತಡೆ.

ಇದೆಲ್ಲ ಮಾಡಿದೆ. ಎರಡು ಕೆಲಸ ಬಿಟ್ಟೆ. ಕಂಬಕ್ಕೆ ರಾಟೆ ಹಾಕಿಸಲಿಲ್ಲ, ಹಾಗಾಗಿ ನೋಡಬೇಕು ಅಂದ್ರೆ ಪ್ರತಿ ಸಲ ಏಣಿ ಹತ್ತಬೇಕಿತ್ತು. ಬಾಗಿಲನ್ನು ದುಂಡಗೆ ಕೊರೆದೆ. 3 ಇಂಚು ಅಗಲ, ಇಂಚಿಗಿಂತ ಚೂರೇ ಹೆಚ್ಚು ಎತ್ತರದ ಅರ್ಧಚಂದ್ರ ಬಾಗಿಲಾದರೆ ಸ್ಟಾರ್ಲಿಂಗ್ ಬಹುಪಾಲು ನುಗ್ಗಲಾರದು, ಮಾರ್ಟಿನ್ ತೂರಿಕೊಂಡು ಹೋಗುತ್ತೆ ಅಂತ ಆಗ ಓದಿರಲಿಲ್ಲ.

ಎರಡು ಜೋಡಿ ಬಂದವು. ಆಫೀಸಿನ ವೀಡಿಯೊ ಕಾಲ್‌ನಲ್ಲೆಲ್ಲ ಕಿಟಕಿ ತೋರಿಸಿ ಮೆರೆದೆ. ಮೇ ತಿಂಗಳಲ್ಲಿ ಪ್ರಾಡಕ್ಟ್ ರಿಲೀಸ್ ಬಂತು, ಮೂರು ವಾರ ಕಂಬದ ಕಡೆ ತಲೆ ಹಾಕಲಿಲ್ಲ. ಬುರುಡೆ ಮೇಲೆ ಗುಬ್ಬಿ ಕೂತಿದ್ದು ಕಂಡಿತ್ತು, "ಅಯ್ಯೋ ನಮ್ಮ ಗುಬ್ಬಿ" ಅಂತ ಖುಷಿಯಾಗಿ ಫೋಟೊ ತೆಗೆದು ಅಮ್ಮನಿಗೂ ಕಳಿಸಿದ್ದೆ. ನಾಲ್ಕನೇ ವಾರ ಏಣಿ ಹತ್ತಿ ಮುಚ್ಚಳ ತೆಗೆದರೆ ಬುರುಡೆ ತುಂಬ ಒಣಹುಲ್ಲು, ಪುಕ್ಕ, ಕೊರಿಯರ್ ಡಬ್ಬದ ಟೇಪಿನ ಚೂರು. ಗುಬ್ಬಿ ಗೂಡು. ಅದನ್ನು ಎಳೆದಾಗ ಅಡಿಯಲ್ಲಿ ಸಿಕ್ಕವು, ತಲೆ ಕುಕ್ಕಿಸಿಕೊಂಡು ಸತ್ತು ಒಣಗಿದ ಐದು ಮಾರ್ಟಿನ್ ಮರಿ. ಅವುಗಳ ಮೇಲೇ ಹಾಸಿಗೆ ಹಾಸಿಕೊಂಡು ಗುಬ್ಬಿ ಮೊಟ್ಟೆ ಇಟ್ಟಿತ್ತು. ಇನ್ನೊಂದು ಬುರುಡೆಯಲ್ಲಿ ಒಡೆದ ಬಿಳಿ ಮೊಟ್ಟೆಗಳು. ಏಣಿ ಮೇಲೇ ಸ್ವಲ್ಪ ಹೊತ್ತು ನಿಂತಿದ್ದೆ.

ಮುಂದಿನ ವರ್ಷ ಬಾಗಿಲನ್ನು ಅರ್ಧಚಂದ್ರ ಮಾಡಿದೆ, ಸ್ಟಾರ್ಲಿಂಗ್ ತೊಂದರೆ ತಪ್ಪಿತು. ಆದರೆ ಗುಬ್ಬಿ ಮಾರ್ಟಿನ್‌ಗಿಂತ ಚಿಕ್ಕದು. ಮಾರ್ಟಿನ್ ಹೋಗುವ ಯಾವ ತೂತಲ್ಲೂ ಅದು ಹೋಗುತ್ತೆ. ಅದನ್ನು ತಡೆಯುವ ಬಾಗಿಲಿಲ್ಲ, ನೋಡಿಕೊಳ್ಳುವ ಮನುಷ್ಯನೇ ಬೇಕು. ಅಂಗಡಿಯವರು ಡಬ್ಬದ ಮೇಲೆ ಬರೆಯದ ಮಾತು ಇದು.

ಅಮ್ಮನಿಗೆ ಫೋನಲ್ಲಿ ಹೇಳಿದೆ. "ಗುಬ್ಬಿ ಗೂಡು ಕಿತ್ರೆ ಪಾಪ ಕಣೋ. ನಿಮ್ಮಜ್ಜಿ ಜಂತಿ ಸಂದೀಲಿ ಗುಬ್ಬಿ ಮರಿ ಮಾಡಿದ್ರೆ ಆ ಸಲ ಮನೆಗೆ ಸುಣ್ಣಾನೇ ಹೊಡೆಸ್ತಿರ್ಲಿಲ್ಲ" ಅಂದರು. ಅಮ್ಮ ಹೇಳಿದ್ದು ಸರಿ, ಅವರೂರಿಗೆ. ಅಲ್ಲಿ ಗುಬ್ಬಿ ಮನೆಮಗಳು, ಕಾಣೆಯಾದರೆ ನಾವು ಅಳುತ್ತೇವೆ, ಮಾರ್ಚ್ 20ಕ್ಕೆ ಗುಬ್ಬಿ ದಿನ ಮಾಡುತ್ತೇವೆ. ಇಲ್ಲಿ ಅದು ನಾವು ಹಡಗಲ್ಲಿ ತಂದು ಬಿಟ್ಟ ಹಕ್ಕಿ. ಇಲ್ಲಿನ ಕಾನೂನೂ ಹಾಗೇ ನೋಡುತ್ತದೆ. 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆ ಮಾರ್ಟಿನ್‌ಗಿದೆ, ಗುಬ್ಬಿಗೂ ಸ್ಟಾರ್ಲಿಂಗ್‌ಗೂ ಇಲ್ಲ.

"ಗುಬ್ಬಿಯೂ ಜೀವ ಅಲ್ವಾ?" ಅಂತ ಕೇಳುವವರಿಗೆ ನನ್ನ ಉತ್ತರ: ಹೌದು, ಜೀವವೇ. ಗುಬ್ಬಿಯ ತಪ್ಪು ಏನೂ ಇಲ್ಲ. ಆ ಎತ್ತರದಲ್ಲಿ ಆ ತೂತು ಕೊರೆದು ನೇತುಹಾಕಿದವನು ನಾನು. ಇಬ್ಬರೂ ಹೊಡೆದಾಡುವ ಜಾಗ ಮಾಡಿಕೊಟ್ಟು "ನಾನು ಅಹಿಂಸಾವಾದಿ, ಮಧ್ಯೆ ಬರಲ್ಲ" ಅಂದರೆ ಹಿಂಸೆ ನಿಲ್ಲಲ್ಲ, ಅದು ಬುರುಡೆಯೊಳಗೆ ನನ್ನ ಕಣ್ಣಿಗೆ ಕಾಣದ ಹಾಗೆ ನಡೆಯುತ್ತೆ, ಅಷ್ಟೇ. ನನ್ನ ಮನಸ್ಸು ನೋಯಬಾರದು ಅಂತ ಮರಿಗಳನ್ನು ಬಲಿ ಕೊಡೋದನ್ನು ದಯೆ ಅಂತ ಕರೆಯೋಕೆ ನನಗೆ ಈಗ ಬಾಯಿ ಬರಲ್ಲ. ಗುಬ್ಬಿ ಹುಲ್ಲು ತಂದ ವಾರವೇ ಕಿತ್ತು ಹಾಕುತ್ತೇನೆ, ಮೊಟ್ಟೆ ಇಡುವ ಮೊದಲೇ. ಹಟ ಹಿಡಿದ ಗಂಡು ಗುಬ್ಬಿ ಗೂಡು ಕಿತ್ತ ಸಿಟ್ಟಿಗೆ ಪಕ್ಕದ ಬುರುಡೆಗಳಿಗೆ ನುಗ್ಗುವುದುಂಟು, ಆಗ ಬೋನು ಇಡಲೇಬೇಕು. ಇಟ್ಟಿದ್ದೇನೆ. ಬೋನಿನ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ. ಇದನ್ನು ಮಾಡಲಾರೆ ಅನ್ನುವವರ ಮೇಲೆ ನನಗೆ ಸಿಟ್ಟಿಲ್ಲ, ಗೌರವವೇ ಇದೆ. ಅವರು ಬುರುಡೆ ಕಟ್ಟದಿರಲಿ, ಅಷ್ಟೇ ನಾನು ಕೇಳೋದು.

ಇನ್ನು "ಟೈಮ್ ಎಲ್ಲಿದೆ ಗುರೂ" ಅನ್ನುವ ನಮ್ಮವರ ರಾಷ್ಟ್ರಗೀತೆ. ರಾಟೆ ಇರುವ ಕಂಬವಾದರೆ ಹತ್ತು ಹನ್ನೆರಡು ಬುರುಡೆ ಇಳಿಸಿ, ನೋಡಿ, ಬರೆದುಕೊಂಡು, ಮೇಲೇರಿಸೋಕೆ ಅರ್ಧ ಗಂಟೆ. ಫೆಬ್ರುವರಿಯಿಂದ ಜುಲೈ ಅಂದರೆ ಸುಮಾರು 24 ವಾರ, ಒಟ್ಟು 12 ಗಂಟೆ. ಒಂದು ವೆಬ್ ಸೀರೀಸಿನ ಒಂದೂವರೆ ಸೀಸನ್ನು. ಮನುಷ್ಯ ಮುಟ್ಟಿದರೆ ತಾಯಿಹಕ್ಕಿ ಗೂಡು ಬಿಟ್ಟು ಹೋಗುತ್ತೆ ಅನ್ನೋ ಭಯವೂ ಬೇಡ, ಮಾರ್ಟಿನ್ ಹೋಗಲ್ಲ. ನೋಡಿದರೆ ಉಪಯೋಗವೇ: ಹುಳು ಬಿದ್ದ ಗೂಡು ಕಾಣುತ್ತದೆ, ಒದ್ದೆಯಾದ ಹಾಸು ಬದಲಿಸಬಹುದು. ಮರಿಗೆ ಮೂರು ವಾರ ದಾಟಿದ ಮೇಲೆ ಮಾತ್ರ ಮುಚ್ಚಳ ತೆಗೀಬೇಡಿ, ಹೆದರಿ ಹಾರಲು ಬಾರದೆಯೂ ಹೊರಗೆ ಧುಮುಕಿಬಿಡುತ್ತವೆ.

ಕೆಲವು ವರ್ಷ ಅರ್ಧ ಗಂಟೆಯೂ ಸಾಲದು. 2021ರ ಫೆಬ್ರುವರಿಯ ಹಿಮಗಾಳಿ ನೆನಪಿರಬಹುದು, ಟೆಕ್ಸಸ್‌ನಲ್ಲಿ ಕರೆಂಟೂ ನೀರೂ ಹೋಗಿದ್ದವು. ಅಷ್ಟೊತ್ತಿಗೆ ಬಂದಿಳಿದಿದ್ದ ಮಾರ್ಟಿನ್‌ಗಳು ಬಹಳ ಸತ್ತವು. ಚಳಿಗೆ ಹುಳ ಹಾರಲ್ಲ, ಹಾರುವ ಹುಳ ಬಿಟ್ಟು ಇವು ಬೇರೇನೂ ಹಿಡಿಯಲ್ಲ. ಇಂಥ ಚಳಿಯಲ್ಲಿ ಅನುಭವಸ್ಥರು ಹಿತ್ತಲಲ್ಲಿ ನಿಂತು ಚಮಚದಿಂದ ಜೀರುಂಡೆಗಳನ್ನು ಗಾಳಿಗೆ ಚಿಮ್ಮುತ್ತಾರೆ, ಹಸಿದ ಹಕ್ಕಿ ಅದನ್ನು ಹಾರುವ ಹುಳ ಅಂದುಕೊಂಡು ಹಿಡಿಯಲು ಕಲಿಯುತ್ತದೆ. ನೋಡಿದವರಿಗೆ ತಮಾಷೆ. ಆದರೆ "ಮನೆ ರೆಡಿ" ಅಂತ ಕರೆದವರ ಜವಾಬ್ದಾರಿ ಅಲ್ಲಿಯವರೆಗೂ ಹೋಗುತ್ತದೆ.

ಇದು ಟೆಕ್ಸಸ್‌ನ ರೋಗ ಮಾತ್ರ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಬೆಂಗಳೂರಿನ ಟೆರೇಸಿನಲ್ಲಿ ಹಕ್ಕಿಗೆ ಅಂತ ಬಟ್ಟಲಲ್ಲಿ ನೀರಿಟ್ಟು, ಸ್ಟೇಟಸ್ ಹಾಕಿ, ಆ ನೀರನ್ನು ಹದಿನೈದು ದಿನ ಬದಲಿಸದೆ ಸೊಳ್ಳೆ ಮರಿ ಸಾಕುವವರೂ ಇದೇ ಬಳಗ. ಇಡುವುದು ಒಂದು ದಿನದ ಕೆಲಸ, ತೊಳೆಯುವುದು ಪ್ರತಿ ದಿನದ್ದು. ನಮಗೆ ಮೊದಲನೆಯದು ಮಾತ್ರ ಇಷ್ಟ.

ಆ ಐದು ಮರಿಗಳ ವರ್ಷದ ನಂತರ ನನ್ನ ಹಿತ್ತಲಿಂದ ಪ್ರತಿ ಬೇಸಿಗೆಯೂ ಮಾರ್ಟಿನ್ ಮರಿಗಳು ಹಾರಿವೆ. ಪ್ರತಿ ಭಾನುವಾರದ ಲೆಕ್ಕ ಒಂದು ಹಳೇ ನೋಟ್‌ಬುಕ್‌ನಲ್ಲಿದೆ, ಸತ್ತವುಗಳ ಲೆಕ್ಕವೂ ಅದರಲ್ಲೇ ಇದೆ. ಹಾಗಾಗಿ ನಮ್ಮ ಗುಂಪಿನ ಗೆಳೆಯರಲ್ಲಿ ಒಂದು ಕೋರಿಕೆ. ಈ ಜನವರಿಯಲ್ಲಿ ಕಂಬದ ಫೋಟೊ ಹಾಕಬೇಡಿ. ಮೇ ತಿಂಗಳಲ್ಲಿ ಮುಚ್ಚಳ ತೆಗೆದು, ಬುರುಡೆಯ ಒಳಗಿನ ಫೋಟೊ ಹಾಕಿ. ಆಗ ಮೊದಲ ಚಪ್ಪಾಳೆ ನನ್ನದು.