ಎಲ್ಲ ಕೋಲಿಗೂ ಒಂದೇ ಬೀಸೆಂಬ ಉಪದೇಶ



ಬ್ಯೂಮಾಂಟ್‌ನ ನಮ್ಮ ಕುಟುಂಬಗಳಲ್ಲಿ ಗಾಲ್ಫ್ ಆಡುವವರು ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದವರೂ ಬಿಡುವಿನ ದಿನ ಮಕ್ಕಳೊಡನೆ ಅಭ್ಯಾಸದ ಬಯಲಿಗೆ ಹೊರಡುತ್ತಾರೆ. ಪಕ್ಕದ ಡಾನಿಕಾರ್ನಿಯಲ್ಲಿ ಕ್ಲಾಂಟಾರ್ಫ್ ಕ್ಲಬ್ಬಿನ ಮೈದಾನವಿದೆ. ಕಡಲಂಚಿನ ಬುಲ್ ದ್ವೀಪದಲ್ಲಿ ಇನ್ನೆರಡಿವೆ. ಆದರೆ ಈ ಉತ್ಸಾಹದ ಬೆನ್ನಿಗೇ ಒಂದು ಉಪದೇಶವೂ ನಮ್ಮಲ್ಲಿ ಹಬ್ಬಿದೆ: 'ಕೋಲು ಯಾವುದಾದರೇನು, ಬೀಸು ಒಂದೇ.' ಇದನ್ನು ನಾವು ಒಪ್ಪುವುದಿಲ್ಲ. ಒಪ್ಪಿ ಕೆಟ್ಟವರೂ ನಾವೇ.

ಕಳೆದ ಬೇಸಿಗೆಯಲ್ಲಿ ನಮ್ಮದೇ ಒಂದು ಮನೆಯ ಹನ್ನೊಂದರ ಹುಡುಗಿಗೆ ಮೊದಲ ದಿನವೇ ಡ್ರೈವರ್ ಕೊಟ್ಟೆವು. ಟೀ ಮೇಲಿಟ್ಟ ಚೆಂಡು ಒಂದೆರಡು ಸಲ ಚೆನ್ನಾಗಿಯೇ ಹಾರಿತು. ಬಳಿಕ ಐರನ್ ಕೊಟ್ಟು, 'ಹಾಗೆಯೇ ಹೊಡಿ ಮಗಳೇ' ಎಂದೆವು. ಮುಂದಿನ ಮೂವತ್ತು ಚೆಂಡುಗಳಲ್ಲಿ ಒಂದೂ ನೆಲ ಬಿಟ್ಟು ಏಳಲಿಲ್ಲ. 'ನನಗೆ ಇದು ಬರೋದಿಲ್ಲ' ಎಂದು ಕೋಲು ಕೆಳಗಿಟ್ಟವಳು ಮತ್ತೆ ಮೈದಾನದ ಕಡೆ ಬಂದಿಲ್ಲ. ತಪ್ಪು ಅವಳದಲ್ಲ.

ಕಾರಣ ಸರಳ. ಡ್ರೈವರ್ ಸುಮಾರು 45 ಅಂಗುಲ ಉದ್ದ. ವೆಜ್ ಸುಮಾರು 35. ಉದ್ದದ ಕೋಲಿಗೆ ಚೆಂಡಿನಿಂದ ದೂರ ನಿಲ್ಲಬೇಕು, ಆಗ ಬೀಸು ಅಗಲವಾಗಿ, ಚಪ್ಪಟೆಯಾಗಿ ಬರುತ್ತದೆ. ಗಿಡ್ಡ ಕೋಲಿಗೆ ಹತ್ತಿರ ನಿಂತು ಹೆಚ್ಚು ಬಾಗಬೇಕು, ಆಗ ಬೀಸು ಕಡಿದಾಗುತ್ತದೆ. ಬಲಗೈ ಆಟಗಾರರಿಗೆ ಡ್ರೈವರ್‌ನ ಚೆಂಡು ಎಡ ಹಿಮ್ಮಡಿಯ ನೇರಕ್ಕಿರಬೇಕು. ಕೋಲು ತನ್ನ ಅತಿ ಕೆಳಗಿನ ಬಿಂದುವನ್ನು ದಾಟಿ ಮೇಲೇಳುವಾಗ ಟೀ ಮೇಲಿನ ಚೆಂಡಿಗೆ ತಾಕುತ್ತದೆ. ಐರನ್‌ನದು ತದ್ವಿರುದ್ಧ. ಚೆಂಡು ಪಾದಗಳ ನಡುವಿಗೆ ಸಮೀಪವಿರಬೇಕು. ಕೋಲು ಇಳಿಯುತ್ತಲೇ ಮೊದಲು ಚೆಂಡನ್ನು, ಅನಂತರ ಹುಲ್ಲನ್ನು ಮುಟ್ಟಬೇಕು. ಐರನ್‌ನಲ್ಲೂ ಚೆಂಡನ್ನು ಎಡ ಹಿಮ್ಮಡಿಯ ಬಳಿಯೇ ಇಟ್ಟು ಮೇಲಕ್ಕೆತ್ತಲು ಹೋದರೆ ಕೋಲು ಮೊದಲೇ ನೆಲ ಕೆರೆಯುತ್ತದೆ, ಇಲ್ಲವೇ ಚೆಂಡಿನ ನೆತ್ತಿ ಸವರುತ್ತದೆ. ಆ ಮಗುವಿಗೆ ಆದದ್ದು ಇದೇ. ಇನ್ನು ಗ್ರೀನ್ ಪಕ್ಕದ ಮರಳುಗುಂಡಿಯಲ್ಲಂತೂ ಸಾಮಾನ್ಯವಾಗಿ ಚೆಂಡನ್ನು ಮುಟ್ಟಬಾರದು, ಅದರ ಹಿಂದಿನ ಮರಳಿಗೆ ಹೊಡೆಯಬೇಕು. ಒಂದೇ ಬೀಸಿನವರು ಇದಕ್ಕೇನು ಹೇಳುತ್ತಾರೋ ಕಾಣೆವು.

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಲಯ ಒಂದೇ ಇರಬೇಕೆಂಬುದು ನಿಜ. ಡ್ರೈವರ್ ಹಿಡಿದಾಕ್ಷಣ ಮೈಯಲ್ಲಿ ಆವೇಶ ಬರಬಾರದು. ನಿಲುವು ಸರಿಪಡಿಸಿದರೆ ಬೀಸು ಬಹುಮಟ್ಟಿಗೆ ತಾನೇ ಬದಲಾಗುತ್ತದೆಂಬುದೂ ನಿಜ. ಆದರೆ ಆ ನಿಲುವನ್ನು ಕಲಿಸದೆ ಬರೀ ಘೋಷಣೆಯನ್ನು ಕಲಿಸಿದರೆ ಮಗು ಏನು ಮಾಡೀತು? ನಮ್ಮ ಅಜ್ಜಂದಿರು ಕೊಡಲಿಯನ್ನೂ ಕುಡುಗೋಲನ್ನೂ ಒಂದೇ ರೀತಿ ಬೀಸಿದವರಲ್ಲ. ಚಿನ್ನಿದಾಂಡಿನಲ್ಲಿ ಒಂದೇ ದಾಂಡಿನಿಂದ ಮೊದಲು ಚಿನ್ನಿಯ ತುದಿಗೆ ಮೆಲ್ಲಗೆ ತಟ್ಟಿ, ಅದು ಎದ್ದಾಗ ಬಲವಾಗಿ ಹೊಡೆದವರು ನಾವು. ಡಬ್ಲಿನ್ನಿಗೆ ಬಂದು ಅದನ್ನು ಮರೆಯಬೇಕೇ?

ಡ್ರೈವರ್‌ನ ಮೋಹವೂ ಇದಕ್ಕೆ ಸೇರಿಕೊಂಡಿದೆ. ದೂರ ಹೊಡೆದವನೇ ಆಟಗಾರನೆಂದು ಅಪ್ಪಂದಿರು ನಂಬಿದ್ದಾರೆ. ಕ್ರಿಕೆಟ್‌ನ ಸಿಕ್ಸರ್ ಕಣ್ಣಿನಿಂದ ಹೋಗಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದದ್ದು ದೂರದ ಹೊಡೆತದಿಂದಲ್ಲ. ಎದುರಾಳಿಗಳು ಗಿಡ್ಡ ಐರನ್ ಹಿಡಿಯುವ ಕಡೆ ಆಕೆ ಉದ್ದದ ಕೋಲು ಹಿಡಿದು ಗ್ರೀನ್ ತಲುಪಿ, ಪಟರ್‌ನಿಂದ ಸರಿಗಟ್ಟಿದರು. ಇಲ್ಲಿ ಮನೆಮನೆಯಲ್ಲೂ ಹದಿನಾಲ್ಕು ಕೋಲುಗಳ ಪೂರ್ಣ ಚೀಲ ಕೊಳ್ಳುವ ಭರಾಟೆ. ಹದಿನಾಲ್ಕು ನಿಯಮದ ಮೇಲ್ಮಿತಿ, ಕಡ್ಡಾಯವಲ್ಲ! ಎಲ್ಲಕ್ಕೂ ಒಂದೇ ಬೀಸಾದರೆ ಅಷ್ಟೊಂದು ದುಡ್ಡೇಕೆ ಸುರಿಯಬೇಕೆಂದು ಕೇಳಿದರೆ ಉತ್ತರವಿಲ್ಲ.

ಬುಲ್ ದ್ವೀಪದ ಎದುರುಗಾಳಿಗೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಅದೇ ಐರನ್‌ಗೂ ಚೆಂಡನ್ನು ಸ್ವಲ್ಪ ಹಿಂದಿಟ್ಟು, ಬೀಸನ್ನು ಮೊಟಕುಗೊಳಿಸಿ, ತಗ್ಗಿನಲ್ಲಿ ಕಳಿಸಬೇಕಾಗುತ್ತದೆ.

ಆದ್ದರಿಂದ ಈ ಬೇಸಿಗೆಯ ಕೂಟದಲ್ಲಿ ಮಕ್ಕಳ ಕೈಗೆ ಮೊದಲು ವೆಜ್, ಅನಂತರ ಏಳನೆಯ ಐರನ್ ಕೊಡಬೇಕೆಂದೂ, ಡ್ರೈವರ್ ಕೊನೆಗಿರಲೆಂದೂ ನಾವು ಸಮಿತಿಯನ್ನು ಒತ್ತಾಯಿಸುತ್ತೇವೆ. ಉಪದೇಶಕರಾದ ಹಿರಿಯರು ಅಂದು ಚಹಾದ ಮೇಜಿನ ಬಳಿ ಇದ್ದರೆ ಉಪಕಾರ. ಆ ಹುಡುಗಿಯ ಮನೆಗೆ ಕರೆಯಲು ಮಾತ್ರ ನಾವೇ ಹೋಗುತ್ತೇವೆ.